ಮೂರು ಗೀರಿನ ಮೇಷ್ಟ್ರು

ನಮ್ಮ ಭಾವನ ಡ್ರೈವಿಂಗ್ ಶಾಲೆಗೆ ಇದ್ದದ್ದು ಒಂದೇ ಕಾರು. ಆ ಕಾರಿನ ಮುಂದಿನ ಗಾಜಿನ ಮೇಲೆ ಮೂರು ಗೀರುಗಳಿದ್ದವು. ಬೇರೆ ಯಾರ ಕಾರಿನಲ್ಲಿ ಇದ್ದಿದ್ದರೂ ಅವು ಬರೀ ಗೀರುಗಳೇ. ಭಾವನ ಕಾರಿನಲ್ಲಿ ಇದ್ದ ಪುಣ್ಯಕ್ಕೆ ಅವು ಪಠ್ಯಕ್ರಮವಾಗಿದ್ದವು.

ಮೂರನ್ನೂ ಮಾಡಿದ್ದು ಭಾವನೇ. ಹಳೆಯ ಸ್ಟಿಕರ್ ಒಂದನ್ನು ಬ್ಲೇಡಿನಲ್ಲಿ ಕೆರೆಯಲು ಹೋಗಿ ಮೊದಲನೆಯದಾಯಿತು. ಉದ್ದಕ್ಕೆ ಓರೆಯಾಗಿ ಇಳಿದ ಗೆರೆ. ಸವೆದುಹೋದ ವೈಪರಿನ ರಬ್ಬರನ್ನು ಬದಲಿಸದೆ ಒಂದಿಡೀ ಮಳೆಗಾಲ ಓಡಿಸಿದ್ದಕ್ಕೆ ಎರಡನೆಯದು, ಕಮಾನಿನ ಹಾಗೆ. ಹಕ್ಕಿಯೊಂದು ಉದುರಿಸಿ ಹೋದದ್ದನ್ನು ಪಾತ್ರೆ ಉಜ್ಜುವ ತಂತಿನಾರಿನಲ್ಲಿ ಉಜ್ಜಿದ್ದಕ್ಕೆ ಮೂರನೆಯದು. ಬೆಂಕಿಪೊಟ್ಟಣದಷ್ಟು ಅಗಲದ ಮಸುಕು. ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಅವತ್ತೇ ಹೇಳಿದ್ದಳು, "ರೀ, ಅದು ಗಾಜು, ತಳ ಹಿಡಿದ ಪಾತ್ರೆ ಅಲ್ಲ." ಭಾವ ಕೇಳಲಿಲ್ಲ. ಕೇಳುವುದು ಮೇಷ್ಟ್ರುಗಳ ಕೆಲಸವಲ್ಲ.

ಈ ಮೂರಕ್ಕೂ ಅವರು ಹೆಸರಿಟ್ಟಿದ್ದರು. ಓರೆಯದು ತೋಳು, ಕಮಾನಿನದು ಕಾಲರ್, ಮಸುಕಿನದು ಜೇಬು. ಹೆಸರು ಕೇಳಿದರೆ ಮನುಷ್ಯ ಮೊದಲು ಏನಾಗಿದ್ದ ಎಂದು ಹೇಳಬೇಕಾಗಿಲ್ಲ. ಹದಿನೈದು ವರ್ಷ ಭಾವ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರಾಗಿದ್ದರು. ಜನ ಸಿದ್ಧ ಉಡುಪು ತೊಡಲು ಶುರುಮಾಡಿ ಅಂಗಡಿ ಮುಚ್ಚಿದಾಗ ಅಲ್ಲಿಂದ ಹೊತ್ತು ತಂದದ್ದು ಎರಡೇ: ಕೊರಳಿಗೆ ಹಾಕುವ ಅಳತೆ ಟೇಪು ಮತ್ತು "ಗುರುತು ಹಾಕದೆ ಕತ್ತರಿ ಇಡಬಾರದು" ಎಂಬ ಸಿದ್ಧಾಂತ. ಟೇಪು ನಿರುಪದ್ರವಿ. ಸಿದ್ಧಾಂತ ಹಾಗಲ್ಲ.

ಅವರು ಕಾರು ಕಲಿತದ್ದು ಮೂವತ್ತು ದಾಟಿದ ಮೇಲೆ. ಪರೀಕ್ಷೆಯಲ್ಲಿ ಎರಡು ಸಲ ಬಿದ್ದರು, ಎರಡು ಸಲವೂ ಹಿಂದಕ್ಕೆ ತೆಗೆಯುವಾಗ. ಮೂರನೆಯ ಸಲಕ್ಕೆ ತಮ್ಮದೇ ಹಳೆಯ ಕಾರು ತೆಗೆದುಕೊಂಡು ಹೋಗಿದ್ದರು. ಸ್ಟಿಕರ್ ಕೆರೆದು ಆಗಷ್ಟೇ ನಾಲ್ಕು ದಿನವಾಗಿತ್ತು. ಪರೀಕ್ಷೆಯ ಮೈದಾನದಲ್ಲಿ ಎದುರಿಗೆ ಒಂದು ಬಿಳಿ ಕಂಬ. ಕಾರು ಹಿಂದಕ್ಕೆ ಸರಿಯುತ್ತಿದ್ದಾಗ ಆ ಕಂಬ ಸರಿಯಾಗಿ ಓರೆ ಗೀರಿನ ತುದಿಗೆ ಬಂದು ನಿಂತಿತಂತೆ. ಏನೋ ಹೊಳೆದು ಸ್ಟೀರಿಂಗ್ ಪೂರ್ತಿ ತಿರುಗಿಸಿದರಂತೆ. ಕಾರು ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಗೆರೆಗಳ ಮಧ್ಯೆ ಹೋಗಿ ಕೂತಿತಂತೆ. ಬೇರೆ ಯಾರಾದರೂ ಇದನ್ನು ಅದೃಷ್ಟ ಎನ್ನುತ್ತಿದ್ದರು. ಭಾವ ಇದನ್ನು ಪದ್ಧತಿ ಎಂದರು. ಎರಡು ವರ್ಷದೊಳಗೆ ಉಳಿದ ಎರಡು ಗೀರುಗಳೂ ಬಂದು ಸೇರಿ ಪದ್ಧತಿ ಪೂರ್ಣವಾಯಿತು. ಬಾಡಿಗೆ ಕೋಣೆಯ ಮೇಲೆ ಬೋರ್ಡು ಏರಿತು.

ಆ ಕೋಣೆ ನನಗೆ ಚೆನ್ನಾಗಿ ಗೊತ್ತು. ಒಂದು ಮೇಜು, ಮೂರು ಕುರ್ಚಿ, ರಸ್ತೆ ಚಿಹ್ನೆಗಳ ಬಣ್ಣ ಹೋದ ಪಟ, ಮೂಲೆಯಲ್ಲಿ ಐದು ದಿಂಬು. ಹೊಸ ಶಿಷ್ಯ ಬಂದ ಕೂಡಲೇ ಭಾವ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿನ ಟೇಪು ತೆಗೆದು, ಸೊಂಟದಿಂದ ಕಣ್ಣಿನವರೆಗೆ ಅಳೆಯುತ್ತಿದ್ದರು. ಗೀರು ಸರಿಯಾದ ಜಾಗದಲ್ಲಿ ಕಾಣಬೇಕಾದರೆ ಎಲ್ಲರ ಕಣ್ಣೂ ಒಂದೇ ಎತ್ತರದಲ್ಲಿರಬೇಕಲ್ಲ! ಗಿಡ್ಡನಾದವನಿಗೆ ದಪ್ಪ ದಿಂಬು, ಮಧ್ಯಮನಿಗೆ ತೆಳು ದಿಂಬು. ತೀರಾ ಎತ್ತರದವರಿಗೆ ದಿಂಬಿಲ್ಲ, ಬೈಗುಳ. "ಬೆನ್ನು ಬಗ್ಗಿಸಿ. ಇನ್ನೂ ಸ್ವಲ್ಪ. ಪರೀಕ್ಷೆ ಮುಗಿಯೋವರೆಗೆ ಸ್ವಾಭಿಮಾನ ಪಕ್ಕಕ್ಕಿಡಿ."

ಆಮೇಲೆ ಪಾಠ. "ರಸ್ತೆಯ ಅಂಚು ಕಾಲರಿಗೆ ತಾಗ್ಕೊಂಡೇ ಇರ್ಲಿ. ಬಿಟ್ಟುಹೋದ್ರೆ ನೀವು ನಡುರಸ್ತೇಲಿ ಇದ್ದೀರಿ ಅಂತ ಅರ್ಥ. ತೋಳಿನ ತುದಿಗೆ ಕಂಬ ಬಂತಾ? ತಿರುಗ್ಸಿ! ಪೂರ್ತಿ! ಕಂಬ ಜೇಬಿನೊಳಗೆ ಹೋಯ್ತಾ? ಬ್ರೇಕ್!"

"ಮೇಷ್ಟ್ರೇ, ಹಿಂದೆ ಯಾರಾದ್ರೂ ಇದ್ರೆ?" ಎಂದು ಒಬ್ಬಳು ಶಾಲಾ ಶಿಕ್ಷಕಿ ಕೇಳಿದ್ದಳು.

"ಪರೀಕ್ಷೆ ಮೈದಾನದಲ್ಲಿ ಹಿಂದೆ ಯಾರೂ ಇರಲ್ಲ," ಎಂದು ಭಾವ ಆ ಪ್ರಶ್ನೆಯನ್ನು ಶಾಶ್ವತವಾಗಿ ಮುಗಿಸಿಬಿಟ್ಟರು.

ಹೀಗೆ, ಹಿಂದಕ್ಕೆ ಹೋಗುವಾಗಲೂ ಮುಂದೆ ನೋಡುವುದನ್ನು ಕಲಿಸುವ ಡ್ರೈವಿಂಗ್ ಶಾಲೆ ನನಗೆ ತಿಳಿದಂತೆ ಇದೊಂದೇ. ಪರೀಕ್ಷೆ ಶಾಲೆಯ ಕಾರಿನಲ್ಲೇ ನಡೆಯುತ್ತಿದ್ದುದರಿಂದ ಎಲ್ಲರೂ ಪಾಸು. ಇಪ್ಪತ್ತಾರು ವರ್ಷದಲ್ಲಿ ಬಿದ್ದವರು ನಾಲ್ಕು ಜನ. ಅವರಲ್ಲಿ ಮೂವರು ದಿಂಬು ಮರೆತು ಬಂದಿದ್ದವರು. ನಾನು ಮೊದಲ ಪ್ರಯತ್ನದಲ್ಲೇ ಪಾಸಾದೆ. ಅವತ್ತಿನಿಂದ ಇವತ್ತಿನವರೆಗೆ, ಹಿಂದಕ್ಕೆ ತೆಗೆಯದೆ ವಾಪಸು ಬರಬಹುದಾದ ಜಾಗಗಳಿಗೆ ಮಾತ್ರ ನನ್ನ ಕಾರಿನಲ್ಲಿ ಹೋಗುತ್ತೇನೆ.

ತೊಂದರೆ ಶುರುವಾಗುತ್ತಿದ್ದದ್ದು ಪಾಸಾದ ಮೇಲೆ. ಔಷಧಿ ಅಂಗಡಿಯವರೊಬ್ಬರು ಹೊಸ ಕಾರು ಕೊಂಡರು. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಮನೆಯ ಶೆಡ್ಡಿನೊಳಗೆ ಅದನ್ನು ಹಾಕಲಾಗದೆ ಮೂರು ದಿನ ಬೀದಿಯಲ್ಲಿ ನಿಲ್ಲಿಸಿ, ನಾಲ್ಕನೆಯ ದಿನ ಕೋಣೆಗೆ ಬಂದರು.

"ಮೇಷ್ಟ್ರೇ, ಕಲಿಸಿದ್ದೆಲ್ಲ ಮರ್ತೇ ಹೋಗಿದೆ."

ಭಾವ ಹೋಗಿ ಕಾರಿನಲ್ಲಿ ಕೂತರು. ಗಾಜನ್ನು ದಿಟ್ಟಿಸಿದರು. ಮುಖ ಅರಳಿತು. "ನೀವು ಮರ್ತಿಲ್ಲ ಸ್ವಾಮಿ. ನಿಮ್ಮ ಗಾಜು ಖಾಲಿ ಇದೆ. ಪುಟದಲ್ಲಿ ಅಕ್ಷರಾನೇ ಇಲ್ದಿದ್ರೆ ಪಂಡಿತನಾದ್ರೂ ಏನು ಓದ್ತಾನೆ?"

ಮರುದಿನ ಶಾಲೆಯ ಕಾರಿನ ಗಾಜಿನ ಮೇಲೆ ಕಾಗದ ಹಾಸಿ ಮೂರು ಗೀರುಗಳ ನಕಲು ತೆಗೆದುಕೊಂಡರು, ಅಂಗಿಗೆ ಮಾದರಿ ಕತ್ತರಿಸುವ ಹಾಗೆ. ಅದನ್ನು ಹೊಸ ಗಾಜಿಗೆ ಹಿಡಿದು ಬಟ್ಟೆಯ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮರಳು ಕಾಗದದಿಂದ ಉಜ್ಜಿದರು. ಔಷಧಿ ಅಂಗಡಿಯವರು ಕಣ್ಣು ಮುಚ್ಚಿಕೊಂಡು ಕಾಗದದ ಇನ್ನೊಂದು ತುದಿ ಹಿಡಿದಿದ್ದರು. ಕಾರು ಶೆಡ್ಡಿನೊಳಗೆ ಹೋಯಿತು. ಅವರ ಹೆಂಡತಿ ಅವರ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಅದು ಬೇರೆ ವಿಷಯ. ಸುದ್ದಿ ಹರಡಿ ಆ ವರ್ಷ ಇನ್ನೂ ಹನ್ನೊಂದು ಕಾರುಗಳಿಗೆ ಭಾವ ತೋಳು, ಕಾಲರ್, ಜೇಬು ಇಟ್ಟುಕೊಟ್ಟರು. ಹೊಸ ಕಾರಿನ ಗಾಜನ್ನು ಕೆಡಿಸಿ "ಥ್ಯಾಂಕ್ಸ್ ಮೇಷ್ಟ್ರೇ" ಅನ್ನಿಸಿಕೊಂಡ ಮನುಷ್ಯನನ್ನು ಸಾಮಾನ್ಯನೆಂದು ಹೇಗೆ ಹೇಳಲಿ?

ಇಂಥವರಿಗೆ ಸರ್ಕಾರದಿಂದ ಒಂದು ಕಾಗದ ಬಂತು.

ಶಾಲೆಯ ಪರವಾನಗಿಯನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಿಂದೆಲ್ಲ ಒಂದು ಅರ್ಜಿ, ಎರಡು ಫೋಟೋ, ಮುಗಿಯಿತು. ಈ ಸಲ ನಿಯಮ ಬದಲಾಗಿತ್ತು. ಕಲಿಸುವವರು ತಾವೇ ಇನ್ಸ್‌ಪೆಕ್ಟರ್ ಎದುರು ಕಾರು ಓಡಿಸಿ ಪಾಸಾಗಬೇಕು. ಇಲ್ಲವಾದರೆ ಬೋರ್ಡು ಇಳಿಸಬೇಕು. ಮರುಪರೀಕ್ಷೆ ಒಂದು ವರ್ಷದ ನಂತರ.

"ಇದರಲ್ಲಿ ಏನಿದೆ," ಎಂದು ಭಾವ ಕಾಗದ ಮಡಚಿ ಜೇಬಿಗಿಟ್ಟುಕೊಂಡರು, ಅಂಗಿಯ ಜೇಬಿಗೆ. "ಮೀನಿಗೆ ಈಜು ಪರೀಕ್ಷೆ."

ಒಂದು ವರ್ಷ ಬೋರ್ಡು ಇಳಿದರೆ ಮತ್ತೆ ಏರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬೀದಿಯ ಆ ಕಡೆ ಎರಡು ಹೊಸ ಶಾಲೆಗಳು ಬಂದಿದ್ದವು, ತಂಪು ಗಾಳಿಯ ಕಾರುಗಳೊಂದಿಗೆ. ಹೊಟ್ಟೆಪಾಡಿಗೆ ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಳು. ಆದರೆ ಬೀದಿಯಲ್ಲಿ ನಡೆದರೆ ಹತ್ತು ಹೆಜ್ಜೆಗೊಮ್ಮೆ "ನಮಸ್ಕಾರ ಮೇಷ್ಟ್ರೇ" ಎನ್ನಿಸಿಕೊಳ್ಳುವ ಮನುಷ್ಯ ಅವರು. ಶಾಲೆ ಮುಚ್ಚಿದರೆ ಬರೀ ನಮ್ಮ ಭಾವ ಆಗಿಬಿಡುತ್ತಾರೆ. ಆ ಕೆಲಸದಲ್ಲಿ ಅವರಿಗೆ ಅಷ್ಟು ಅನುಭವವಿಲ್ಲ.

ಸೋಮವಾರ ಇನ್ಸ್‌ಪೆಕ್ಟರ್ ಕಾರು ನೋಡಲು ಬಂದರು. ನಲವತ್ತರ ಹೆಂಗಸು, ಕೈಯಲ್ಲಿ ಪುಟ್ಟ ಟಾರ್ಚು. ಟೈರು ನೋಡಿದರು, ದೀಪ ನೋಡಿದರು, ಪಕ್ಕದ ಸೀಟಿನ ಕೆಳಗಿನ ಮೇಷ್ಟ್ರ ಬ್ರೇಕು ಒತ್ತಿ ನೋಡಿದರು. ಮುಂದಿನ ಗಾಜಿಗೆ ಟಾರ್ಚು ಬಿಟ್ಟಾಗ ಮೂರು ಗೀರುಗಳೂ ಬೆಳಗಿದವು.

"ಏನಿವು?"

"ಅವು ಪಾಠಕ್ಕೆ, ಮೇಡಂ."

"ಬಿಸಿಲು ಎದುರಿಗೆ ಬಂದ್ರೆ ಇಡೀ ಗಾಜು ಬೆಳ್ಳಗಾಗುತ್ತೆ. ಎದುರು ಬರೋರು ಕಾಣಲ್ಲ."

"ನಮ್ಮ ಪದ್ಧತೀಲಿ ಎದುರು ಬರೋರನ್ನ ಅಷ್ಟಾಗಿ..." ಎಂದು ಶುರುಮಾಡಿದ ಭಾವನ ಕಾಲನ್ನು ನಾನು ತುಳಿದೆ.

"ಸಣ್ಣ ಗೀರುಗಳೇ, ಉಜ್ಜಿದ್ರೆ ಹೋಗ್ತವೆ. ತೆಗೆಸ್ಕೊಂಡು ಶುಕ್ರವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ. ಗಾಜಿನ ಮೇಲೆ ಏನೂ ಇರ್ಬಾರ್ದು. ಏನೂ ಅಂದ್ರೆ ಏನೂ." ಬರೆದುಕೊಂಡು ಹೊರಟರು.

ಅವತ್ತು ಮಧ್ಯಾಹ್ನ ಭಾವ ಅಕ್ಕನ ಹತ್ತಿರ ಟೂತ್‌ಪೇಸ್ಟ್ ಕೇಳಿದರು. ಸಣ್ಣ ಗೀರಿಗೆ ಟೂತ್‌ಪೇಸ್ಟ್ ರಾಮಬಾಣವೆಂದು ಯಾರೋ ಹೇಳಿದ್ದರಂತೆ. ಅವರ ಲೆಕ್ಕಾಚಾರ ಸೂಕ್ಷ್ಮವಾಗಿತ್ತು: ಗೀರು ಪೂರ್ತಿ ಹೋಗಬಾರದು, ಮಸುಕಾಗಬೇಕು.

"ಅವರ ಕಣ್ಣಿಗೆ ಕಾಣ್ಬಾರ್ದು, ನನ್ನ ಕಣ್ಣಿಗೆ ಕಾಣ್ಬೇಕು," ಎಂದರು.

"ಹಾಗಿದ್ರೆ ಗಾಜಿಗೆ ಯಾಕೆ, ಅವರ ಕಣ್ಣಿಗೇ ಹಚ್ಚಿ," ಎಂದಳು ಅಕ್ಕ.

ಇಡೀ ಟ್ಯೂಬು ಖಾಲಿಯಾಯಿತು. ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಸುತ್ತಿ ಉಜ್ಜಿದ್ದಕ್ಕೆ ಗಾಜು ಘಮಘಮಿಸಿತು, ರಬ್ಬರಿನ ಸಂದಿಯಲ್ಲೆಲ್ಲ ಬಿಳಿ ಕೂತಿತು. ಗೀರುಗಳು ಮುಖ ತೊಳೆದುಕೊಂಡು ಬಂದ ಮಕ್ಕಳ ಹಾಗೆ ಇನ್ನೂ ಸ್ಪಷ್ಟವಾದವು. ಆಮೇಲೆ ಅಡಿಗೆ ಸೋಡಾ. ಅದೂ ಆಗಲಿಲ್ಲ. ಕೊನೆಗೆ ಅಕ್ಕನ ಕೆಲಸದವಳೊಬ್ಬಳು ತನ್ನ ಬಣ್ಣವಿಲ್ಲದ ಉಗುರುಬಣ್ಣವನ್ನು ಕೊಟ್ಟು, ಗೀರಿನೊಳಗೆ ತುಂಬಿದರೆ ಮುಚ್ಚಿಹೋಗುತ್ತದೆ ಎಂದಳು. ತೋಳಿನ ಮೇಲೆ ಒಂದು ಗೇಣು ಹಚ್ಚಿ ನೋಡಿದರು. ಮೊದಲು ಬರೀ ಗೀರಿತ್ತು, ಈಗ ಹೊಳೆಯುವ ಗೀರಾಯಿತು.

ಮಂಗಳವಾರ ಗಾಜು ಉಜ್ಜುವವನ ಹತ್ತಿರ ಹೋದೆವು. ಹಳೆ ಗ್ಯಾರೇಜುಗಳ ಬೀದಿಯ ಕೊನೆಯಲ್ಲಿ ತಗಡಿನ ಚಾವಣಿ, ಒಂದು ನಲ್ಲಿ, ಒಂದು ಯಂತ್ರ. ಆಳು ಸಣಕಲು, ಮಾತು ಕಡಿಮೆ. ಗಾಜು ಒರೆಸಿ ತನ್ನ ಹೆಬ್ಬೆರಳ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದ.

"ಉಗುರು ಸಿಕ್ಕಿಕೊಂಡ್ರೆ ಆಳದ ಗೀರು, ಗಾಜೇ ಬದಲಿಸ್ಬೇಕು. ಜಾರಿ ಹೋದ್ರೆ ಮೇಲ್ಮೇಲಿನದು, ಉಜ್ಜಬಹುದು. ನಿಮ್ಮದು ಜಾರ್ತಿದೆ."

ಭಾವನಿಗೆ ಅವಮಾನವಾಯಿತು. ಇಪ್ಪತ್ತಾರು ವರ್ಷದ ಪದ್ಧತಿ ಮೇಲ್ಮೇಲಿನದೇ? "ಇನ್ನೊಂದ್ಸಲ ನೋಡಿ. ನಿಮ್ಮ ಉಗುರು ಸವೆದಿದೆ." ತಮ್ಮ ಉಗುರನ್ನೂ ಎಳೆದರು. ಜಾರಿತು. ನನ್ನದನ್ನೂ ಎಳೆಸಿದರು. ನಾನು ಉಗುರು ಕಚ್ಚುವವನು, ಲೆಕ್ಕಕ್ಕೆ ಬರಲಿಲ್ಲ.

ಅವನು ಗಾಜಿನ ಒಳಗಡೆಯಿಂದ ಪೆನ್ನಿನಲ್ಲಿ ಗೀರುಗಳ ಸುತ್ತ ಗುರುತು ಹಾಕಿಕೊಂಡ, ಉಜ್ಜುವಾಗ ಎಲ್ಲಿದೆ ಎಂದು ತಪ್ಪಬಾರದಲ್ಲ. ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿದ. ನುಣ್ಣನೆಯ ಪುಡಿಯನ್ನು ನೀರಲ್ಲಿ ಕಲಸಿ ಗಂಜಿಯಂತೆ ಮಾಡಿ, ಉಣ್ಣೆಯ ಬಿಲ್ಲೆಗೆ ಮೆತ್ತಿ, ಯಂತ್ರ ಓಡಿಸಿದ. ನಡುನಡುವೆ ನೀರು ಚಿಮುಕಿಸುತ್ತಿದ್ದ. ಗಾಜು ಬಿಸಿಯಾದರೆ ಬಿರುಕು ಬಿಡುತ್ತದಂತೆ. ಒಂದೇ ಕಡೆ ಜಾಸ್ತಿ ಉಜ್ಜಿದರೆ ತಗ್ಗು ಬಿದ್ದು, ಆಮೇಲೆ ರಸ್ತೆಯೇ ಅಲೆ ಅಲೆಯಾಗಿ ಕಾಣುತ್ತದಂತೆ. ಆದ್ದರಿಂದ ಅವಸರವಿಲ್ಲದೆ ಅಲ್ಲೊಮ್ಮೆ ಇಲ್ಲೊಮ್ಮೆ ಓಡಿಸಿ, ಒರೆಸಿ, ಒಳಗಿಂದ ನೋಡಿ, ಹೊರಗಿಂದ ನೋಡಿ, ಮತ್ತೆ ಓಡಿಸುತ್ತಿದ್ದ. ಜೇಬು ಹೋಯಿತು. ಕಾಲರ್ ಹೋಯಿತು. ತೋಳಿನ ಸರದಿ ಬಂದಾಗ ಭಾವ ಅವನ ಕಿವಿಯ ಹತ್ತಿರ ಬಗ್ಗಿದರು.

"ಇದೊಂದನ್ನ ಸ್ವಲ್ಪ ಉಳಿಸಿ."

ಅವನು ಯಂತ್ರ ನಿಲ್ಲಿಸಿದ. "ಏನಂದ್ರಿ?"

"ಪೂರ್ತಿ ಬೇಡ. ಎಳೆ ಕಂಡ್ರೆ ಸಾಕು."

"ಇಷ್ಟು ವರ್ಷದಲ್ಲಿ ಗೀರು ತೆಗೀರಿ ಅಂದೋರನ್ನ ನೋಡಿದ್ದೀನಿ, ತೆಗೆಯೋಕಾಗಲ್ಲ ಅಂದ್ರೆ ಬಯ್ದೋರನ್ನೂ ನೋಡಿದ್ದೀನಿ. ಉಳಿಸಿ ಅಂದೋರು ನೀವೇ ಮೊದಲು," ಎಂದು ಅವನು ಯಂತ್ರ ಓಡಿಸಿದ. ತೋಳೂ ಹೋಯಿತು. ಅವನು ಒಳ್ಳೆಯ ಕೆಲಸಗಾರ, ಅದೇ ತೊಂದರೆ.

ಹಿಂತಿರುಗುವಾಗ ನಾನು ಪಕ್ಕದ ಸೀಟಿನಲ್ಲಿದ್ದೆ. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛ. ಭಾವ ಮೂಗನ್ನು ಸ್ಟೀರಿಂಗಿಗೆ ತಾಗಿಸಿಕೊಂಡು ಓಡಿಸುತ್ತಿದ್ದರು. ಕಾರು ಒಮ್ಮೆ ನಡುರಸ್ತೆಗೆ, ಒಮ್ಮೆ ಚರಂಡಿಯ ಅಂಚಿಗೆ ತೂಗುತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ನಮ್ಮ ವಂಶವನ್ನು ಸ್ಮರಿಸಿದ.

ಅಷ್ಟರಲ್ಲಿ ಒಂದು ನೊಣ ಬಂದು ಗಾಜಿನ ಮೇಲೆ, ಹೆಚ್ಚುಕಡಿಮೆ ಕಾಲರ್ ಇದ್ದ ಜಾಗದಲ್ಲೇ ಕೂತಿತು. ಭಾವನ ಬೆನ್ನು ನೆಟ್ಟಗಾಯಿತು. ಕಾರು ಸರದಾರನ ಹಾಗೆ ರಸ್ತೆಯ ಅಂಚು ಹಿಡಿದು ಸಾಗಿತು. "ನೋಡಿದ್ಯಾ?" ಎಂದರು, ಹೆಮ್ಮೆಯಿಂದ. ವೃತ್ತದ ಹತ್ತಿರ ನೊಣ ಹಾರಿಹೋಯಿತು. ವೃತ್ತವನ್ನು ನಾವು ಸುತ್ತಲಿಲ್ಲ, ಸ್ವಲ್ಪ ಮೇಲೆ ಹತ್ತಿ ಇಳಿದೆವು.

ಮನೆಯ ಗೇಟಿನೊಳಗೆ ಹಿಂದಕ್ಕೆ ಹಾಕುವಾಗ ಹೂಕುಂಡ ಒಡೆಯಿತು. ಎರಡನೆಯ ಪ್ರಯತ್ನಕ್ಕೆ ನೀರಿನ ಬಕೆಟ್ಟು. ಮೂರನೆಯದಕ್ಕೆ ಒಡೆಯಲು ಏನೂ ಉಳಿದಿರಲಿಲ್ಲವಾಗಿ ಗೋಡೆ. ಅಕ್ಕ ಕೈಯಲ್ಲಿ ಕತ್ತರಿ ಹಿಡಿದು ಬಾಗಿಲಿಗೆ ಬಂದಳು.

"ಗೇಟು ಸರಿ ಇಲ್ಲ," ಎಂದರು ಭಾವ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೇಟು ಇಪ್ಪತ್ತು ವರ್ಷದಿಂದ ಅಲ್ಲೇ ಇದೆ."

"ನಿನಗೆ ಇದರ ಪದ್ಧತಿ ಗೊತ್ತಿಲ್ಲ, ಸುಮ್ಮನಿರೇ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಪ್ಪನಿಗೆ ಬ್ರೆಡ್ಡಿನ ಬೇಕರಿ ಇತ್ತು. ಮದುವೆಗೆ ಮುಂಚೆ ನಾಲ್ಕು ವರ್ಷ ಅಕ್ಕ ಬೇಕರಿಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಬರುತ್ತಿದ್ದಳು. ಹಿಂದಿನ ಗಾಜಿಗೆ ಟ್ರೇಗಳು ಅಡ್ಡವಾಗಿರುತ್ತಿದ್ದರಿಂದ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಮ್ಮೆ ನುಸುಳದ ಸಂದಿಯಲ್ಲೂ ಹಿಂದಕ್ಕೆ ತೆಗೆಯುತ್ತಿದ್ದಳು. ಅವಳ ಲೈಸೆನ್ಸ್ ಭಾವನ ಲೈಸೆನ್ಸಿಗಿಂತ ಹಳೆಯದು. ಮದುವೆಯಾಗಿ ಶಾಲೆ ಶುರುವಾದ ಮೇಲೆ ಭಾವ ಒಮ್ಮೆ ಅವಳು ಓಡಿಸುವುದನ್ನು ನೋಡಿ ತೀರ್ಪು ಕೊಟ್ಟಿದ್ದರು: "ಕೈ ಪರವಾಗಿಲ್ಲ. ಪದ್ಧತಿ ಇಲ್ಲ." ಅವಳು ನಕ್ಕು ಹೊಲಿಗೆ ಯಂತ್ರಕ್ಕೆ ಕೂತಳು. ಅವಳು ಮತ್ತೆ ಆ ಕಾರಿನ ಸ್ಟೀರಿಂಗ್ ಮುಟ್ಟಿರಲಿಲ್ಲ.

ಬುಧವಾರ ಭಾವ ಊಟ ಮಾಡಲಿಲ್ಲ. ಗಾಜಿನ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟು ಓಡಿಸಿ ನೋಡಿದರು, ಚೆನ್ನಾಗಿ ಓಡಿತು. ಅಳಿಸಿ ಓಡಿಸಿದರು; ಓಡಲಿಲ್ಲ. "ಏನೂ ಅಂದ್ರೆ ಏನೂ" ಎಂಬ ಮಾತು ಅವರ ಕಿವಿಯಲ್ಲಿ ಕೂತಿರಬೇಕು. ಸಂಜೆ ನಾನು ಹೋದಾಗ ಕೋಣೆಯಲ್ಲಿ ಒಬ್ಬರೇ ಕೂತು, ಪಾಸಾದವರ ಫೋಟೋಗಳನ್ನು ಅಂಟಿಸಿದ ದಪ್ಪ ಪುಸ್ತಕ ತೆರೆದುಕೊಂಡಿದ್ದರು.

"ಇಷ್ಟು ಜನಕ್ಕೆ ಕಲಿಸಿದ್ದೀನಿ ಕಣೋ," ಎಂದರು.

"ಹೌದು ಭಾವ."

"ಇವರೆಲ್ಲ ಈಗ ಹೇಗೆ ಓಡಿಸ್ತಿದ್ದಾರೆ?"

ನಾನು ನನ್ನ ವಿಷಯ ಹೇಳಲಿಲ್ಲ. ಬಿದ್ದವನ ಮೇಲೆ ಬೀಳಬಾರದು.

ಗುರುವಾರ ಬೆಳಿಗ್ಗೆ ಐದೂವರೆಗೆ ಅಕ್ಕ ನನಗೆ ಫೋನ್ ಮಾಡಿದಳು. "ಸಗಟು ಮಾರುಕಟ್ಟೆಯ ಹಿಂದಿನ ಖಾಲಿ ಜಾಗಕ್ಕೆ ಬಾ. ಬರುವಾಗ ನಾಲ್ಕು ಖಾಲಿ ಡಬ್ಬ ತಾ." ಹೋದೆ. ಕಾರು ನಿಂತಿತ್ತು. ಸ್ಟೀರಿಂಗಿನಲ್ಲಿ ಭಾವ. ಪಕ್ಕದಲ್ಲಿ, ಮೇಷ್ಟ್ರು ಕೂರುವ ಸೀಟಿನಲ್ಲಿ, ಮೇಷ್ಟ್ರ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅಕ್ಕ. ನಾನು ಡಬ್ಬಗಳನ್ನು ಇಟ್ಟು ಹಿಂದೆ ಕೂತೆ. ಭಾವ ನನ್ನತ್ತ ನೋಡಲಿಲ್ಲ.

"ಕ್ಲಚ್ ಪರೀಕ್ಷೆ ಮಾಡ್ತಿದ್ದೀವಿ," ಎಂದರು ಮುಂದಕ್ಕೇ ನೋಡುತ್ತ.

"ಹಿಂದಕ್ಕೆ ತೆಗೀರಿ," ಎಂದಳು ಅಕ್ಕ.

"ಎಲ್ಲಿ ನೋಡ್ಲಿ?"

"ಹಿಂದೆ."

"ಹಿಂದೆ ಅಂದ್ರೆ, ಯಾವ ಗುರುತು?"

"ಗುರುತು ಗಿರುತು ಏನಿಲ್ಲ. ಹೋಗೋ ಕಡೆ ನೋಡ್ಬೇಕು ರೀ. ಹಾಲು ತರೋಕೆ ಹೋಗೋವಾಗ ನೆಲದ ಮೇಲೆ ಗೆರೆ ಹಾಕ್ಕೊಂಡು ಹೋಗ್ತೀರಾ?"

"ಇಷ್ಟೇನಾ?"

"ಇಷ್ಟೇ."

ಭಾವ ಗೋಣು ತಿರುಗಿಸಿದರು. ಇಪ್ಪತ್ತಾರು ವರ್ಷದಲ್ಲಿ ಆ ಗೋಣು ಆ ದಿಕ್ಕಿಗೆ ಹೋದದ್ದು ಅದೇ ಮೊದಲಿರಬೇಕು. ಕಟಕ್ ಎಂದ ಸದ್ದು ನನಗೂ ಕೇಳಿಸಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಮುಖ ಅವರಿಗೆ ಎದುರಾಯಿತು.

"ಇವನು ಅಡ್ಡ ಬರ್ತಾನೆ."

"ರಸ್ತೇಲಿ ಎಲ್ಲರೂ ಅಡ್ಡ ಬರ್ತಾರೆ. ನಡೀರಿ."

ಮೊದಲ ಡಬ್ಬ ಬಿತ್ತು. ಎರಡನೆಯದು ಚಪ್ಪಟೆಯಾಯಿತು. ಅಕ್ಕ ಬೈಯಲಿಲ್ಲ. ಬ್ರೇಕು ಒತ್ತಿ ನಿಲ್ಲಿಸುತ್ತಿದ್ದಳು, "ಈಗ ಹಿಂದಿನ ಚಕ್ರ ಎಲ್ಲಿದೆ ಹೇಳಿ" ಎನ್ನುತ್ತಿದ್ದಳು, ಅವರು ತಪ್ಪು ಹೇಳಿದರೆ ಇಳಿದು ಹೋಗಿ ನೋಡಿ ಬನ್ನಿ ಎಂದು ಕಳಿಸುತ್ತಿದ್ದಳು. ಭಾವ ಇಳಿಯಲು ಒಪ್ಪುತ್ತಿರಲಿಲ್ಲ. "ಇಳಿದು ನೋಡೋನು ಡ್ರೈವರ್ ಅಲ್ಲ, ಪಾದಚಾರಿ," ಎಂದು ಶಿಷ್ಯರಿಗೆ ಹೇಳುತ್ತಿದ್ದವರು ಅವರು. ಏಳು ಗಂಟೆಗೆ ತರಕಾರಿ ಲಾರಿಗಳು ಬರಲು ಶುರುವಾಗಿ ಪಾಠ ನಿಂತಿತು. ಹನ್ನೆರಡು ಸಲದಲ್ಲಿ ಐದು ಸಲ ಕಾರು ಡಬ್ಬಗಳ ನಡುವೆ ಸರಿಯಾಗಿ ಹೋಗಿತ್ತು. ಐದು ಸಲ ಹೋದದ್ದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಅಕ್ಕನಿಗೆ ತುರ್ತು ಹೊಲಿಗೆ ಇತ್ತು. ಭಾವನ ಜೊತೆ ನಾನೇ ಹೋದೆ. ಬೇರೆ ಶಾಲೆಗಳ ಮೇಷ್ಟ್ರುಗಳೂ ಬಂದಿದ್ದರು. ಎಲ್ಲರೂ ಎಲ್ಲರಿಗೂ, ಇದೆಲ್ಲ ಬರೀ ಕಾಟಾಚಾರ ಎಂದು ಹೇಳಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು. ಇನ್ಸ್‌ಪೆಕ್ಟರ್ ನಮ್ಮ ಗಾಜಿಗೆ ಟಾರ್ಚು ಬಿಟ್ಟು ನೋಡಿ "ಚೆನ್ನಾಗಿ ಮಾಡಿದ್ದಾನೆ" ಎಂದು ಪಕ್ಕದಲ್ಲಿ ಕೂತರು. ನಾನು ಬೇಲಿಯ ಹತ್ತಿರ ನಿಂತೆ. ಕಾರಿನ ಕಿಟಕಿ ತೆರೆದಿತ್ತು.

ಮುಂದಕ್ಕೆ ಹೋದದ್ದು ಪರವಾಗಿಲ್ಲ; ಒಂದೆರಡು ಕಡೆ ತೂಗಿತಾದರೂ ಗೆರೆ ದಾಟಲಿಲ್ಲ. ಆಮೇಲೆ ಹಿಂದಕ್ಕೆ. ಎರಡೂ ಕಡೆ ಕೆಂಪು ಕಂಬಗಳು, ನಡುವೆ ಕಾರು ಹೋಗಬೇಕು. ಎದುರಿಗೆ ಅದೇ ಬಿಳಿ ಕಂಬ, ಅವರನ್ನು ಇಪ್ಪತ್ತಾರು ವರ್ಷ ಸಾಕಿದ ಕಂಬ. ಭಾವ ಅದನ್ನೇ ನೋಡುತ್ತ ಕಾರನ್ನು ನಾಲ್ಕಡಿ ಹಿಂದಕ್ಕೆ ತಂದರು. ಗಾಜಿನಲ್ಲಿ ಅದಕ್ಕೆ ಹೋಗಿ ಸೇರಲು ಏನೂ ಇರಲಿಲ್ಲ. ಗೋಣು ತಿರುಗಿಸಿದರು. ಕನ್ನಡಕ ಜಾರಿತು. ಒಂದು ಕಡೆಯ ಕಂಬ ಕಂಡಿತು, ಇನ್ನೊಂದು ಕಾಣಲಿಲ್ಲ. ಕಾರು ನಿಂತಿತು. ನಿಂತೇ ಇತ್ತು.

"ಯಾಕೆ ನಿಲ್ಲಿಸಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

ಭಾವನ ಬಾಯಿಂದ ಉತ್ತರ ಬರಲು ಎಷ್ಟು ಹೊತ್ತಾಯಿತೆಂದರೆ, ಸರದಿಯಲ್ಲಿದ್ದ ಇನ್ನೊಬ್ಬ ಮೇಷ್ಟ್ರು ನನ್ನನ್ನು "ಕಿವಿ ಕೇಳಲ್ವಾ ಅವರಿಗೆ?" ಎಂದು ವಿಚಾರಿಸಿದ.

"ಮೇಡಂ, ಆ ಕಡೆ ಎಷ್ಟು ಜಾಗ ಇದೆ ಅಂತ ನನಗೆ ಗೊತ್ತಾಗ್ತಿಲ್ಲ."

ಆ ಮನುಷ್ಯನ ಬಾಯಲ್ಲಿ "ಗೊತ್ತಿಲ್ಲ" ಎಂಬ ಅರ್ಥದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬೋರ್ಡು ಇಳಿಯುವುದು ನನ್ನ ಕಣ್ಣಿಗೆ ಕಂಡಿತು.

"ಗೊತ್ತಾಗ್ದಿದ್ರೆ ಏನ್ಮಾಡ್ಬೇಕು? ನಿಮ್ಮ ಶಿಷ್ಯರಿಗೆ ಏನು ಹೇಳ್ತೀರಿ?"

ಶಿಷ್ಯರಿಗೆ ಏನು ಹೇಳುತ್ತಿದ್ದರೆಂಬುದು ಆ ಮೈದಾನದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಭಾವ ಕನ್ನಡಕ ಸರಿಮಾಡಿಕೊಂಡರು.

"ಇಳಿದು ನೋಡ್ಬೇಕು," ಎಂದರು, ಬಹಳ ಸಣ್ಣ ದನಿಯಲ್ಲಿ.

"ಮತ್ತೆ? ಇಳೀರಿ."

ಇಳಿದರು. ಎಲ್ಲ ಮೇಷ್ಟ್ರುಗಳ ಕಣ್ಣೆದುರು, ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಹಿಂದಕ್ಕೆ ನಡೆದು ಹೋದರು. ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು. ಭಾವ ಬಗ್ಗಿ ಚಕ್ರ ನೋಡಿದರು, ಕಂಬ ನೋಡಿದರು, ಮಧ್ಯದ ಜಾಗವನ್ನು ಗೇಣಿನಲ್ಲಿ ಅಳೆದರು. ವಾಪಸು ಕೂತು ಎರಡಡಿ ತೆಗೆದರು. ಮತ್ತೆ ಇಳಿದರು. ಮತ್ತೆ ಕೂತರು. ಕೊನೆಗೆ ಕಾರು ಕೆಂಪು ಕಂಬಗಳ ನಡುವೆ, ಒಂದು ಕಡೆಗೆ ಸ್ವಲ್ಪ ವಾಲಿಕೊಂಡು, ಯಾವುದನ್ನೂ ಮುಟ್ಟದೆ ನಿಂತಿತು.

"ಎರಡನೇ ಸಲ ಇಳಿದಿದ್ದಕ್ಕೆ ಅಂಕ ಹೋಗುತ್ತೆ. ನಿಧಾನಕ್ಕೂ ಹೋಗುತ್ತೆ," ಎಂದು ಇನ್ಸ್‌ಪೆಕ್ಟರ್ ಬರೆದುಕೊಂಡರು. "ಪಾಸು, ಅಂಚಿನಲ್ಲಿ. ಬೆಳಿಗ್ಗೆಯಿಂದ ಆರು ಜನ ಬಂದ್ರು. ಐದು ಜನ ಎಲ್ಲಾ ಗೊತ್ತಿದೆ ಅಂತ ಹೇಳಿ ಕಂಬ ಬೀಳಿಸಿದ್ರು."

ಕಿಸಕ್ಕೆಂದವನು ಏಳನೆಯವನು. ಅವನು ಎರಡು ಕಂಬ ಬೀಳಿಸಿದನಂತೆ. ನಾವು ನೋಡಲು ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಭಾವನ ಬೆನ್ನು ಇಂಚಿಂಚಾಗಿ ನೆಟ್ಟಗಾಗುತ್ತ ಬಂತು. ಮಾರುಕಟ್ಟೆ ದಾಟುವ ಹೊತ್ತಿಗೆ, ಭಾವನ ಬಾಯಲ್ಲಿ, ಇನ್ಸ್‌ಪೆಕ್ಟರ್ ಅವರನ್ನು ಹೊಗಳಿದ್ದರು. ಶಾಲೆಯ ಬೀದಿಗೆ ಬರುವ ಹೊತ್ತಿಗೆ, ಉಳಿದ ಮೇಷ್ಟ್ರುಗಳಿಗೆ ಇವರನ್ನು ನೋಡಿ ಕಲಿಯಿರಿ ಎಂದಿದ್ದರು. ಮನೆ ಮುಟ್ಟಿದಾಗ ನಾನು ಬೇರೆ ಯಾವುದೋ ಪರೀಕ್ಷೆ ನೋಡಿ ಬಂದಿದ್ದೇನೆ ಎನ್ನಿಸಿತು.

ಅಕ್ಕ ಯಂತ್ರ ನಿಲ್ಲಿಸಿ ತಲೆ ಎತ್ತಿದಳು.

"ಏನಾಯ್ತು?"

"ಆಗೋದೇನು? ಹೋದೆ, ತೆಗೆದೆ, ಬಂದೆ." ಕಾಗದವನ್ನು ಮೇಜಿನ ಮೇಲೆ ಇಟ್ಟರು. "ಇಡೀ ಮೈದಾನ ನಿಂತು ನೋಡ್ತಿತ್ತು. ಬೇಕಾದ್ರೆ ಇವನನ್ನ ಕೇಳು."

ಇಡೀ ಮೈದಾನ ನಿಂತು ನೋಡಿದ್ದು ನಿಜವಾದ್ದರಿಂದ ನಾನು ತಲೆಯಾಡಿಸಿದೆ. ಅಕ್ಕ ಕಾಗದ ಓದಿದಳು. ಅದರ ಕೆಳಗೆ ಇನ್ಸ್‌ಪೆಕ್ಟರ್ ಕೈಬರಹದಲ್ಲಿ "ಎರಡು ಬಾರಿ ಇಳಿದು ನೋಡಿದರು" ಎಂದು ಬರೆದಿತ್ತು. ಅವಳು ಅದನ್ನು ಮಡಚಿ ಕಪಾಟಿನೊಳಗೆ ಇಟ್ಟಳು. ಯಂತ್ರ ಮತ್ತೆ ಓಡತೊಡಗಿತು.

ಭಾವ ಕೈಕಾಲು ತೊಳೆದು ಬಂದು ಟೀ ಕುಡಿದರು. ಹೊರಗೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದರು. ಸೋಮವಾರದಿಂದ ಒಂಬತ್ತು ಜನ ಹೊಸ ಶಿಷ್ಯರು ಬರುವವರಿದ್ದರು. ಆ ಪಟ್ಟಿಯನ್ನು ತೆಗೆದು ಓದಿದರು, ಮಡಚಿದರು, ಮತ್ತೆ ಓದಿದರು. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಹೇಳಿದರು.

"ಆ ಕ್ಲಚ್ ಇನ್ನೂ ಸ್ವಲ್ಪ ಬಿಗಿ ಅನ್ನಿಸುತ್ತೆ. ನಾಳೆ ಬೆಳಿಗ್ಗೇನೂ ಒಂದ್ಸಲ ನೋಡಿದ್ರೆ ಹೇಗೆ?"

"ಐದೂವರೆಗೆ ಎಬ್ಬಿಸ್ತೀನಿ," ಎಂದಳು ಅಕ್ಕ, ಹೊಲಿಗೆಯಿಂದ ಕಣ್ಣೆತ್ತದೆ. "ನಾಡಿದ್ದೂ ನೋಡ್ಬೇಕಾಗಬಹುದು. ಕ್ಲಚ್ಚು ಒಂದೇ ದಿನಕ್ಕೆ ಸರಿ ಹೋಗಲ್ಲ."